ಕಡಲಿಗೆ ಬಿಟ್ಟ ವಿಷ ಎಲ್ಲಿಗೆ ಹೋಗುತ್ತದೆ?

(ಶಿರೂರಿನ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಕೂಲಿಕಾರರಿಗೂ ಸಣ್ಣ ವ್ಯಾಪಾರಿಗಳಿಗೂ ಡಾಲ್ಫಿನ್ನಿನ ಮಾತೇಕೆ ಎಂದು ಕೇಳುವವರುಂಟು. ಕೂಲಿಯ ಪ್ರಶ್ನೆ, ಅಕ್ಕಿಯ ಧಾರಣೆಯ ಪ್ರಶ್ನೆ ಎದುರಿಗಿರುವಾಗ ಇದು ಬಿಡುವಿದ್ದವರ ಮಾತಲ್ಲವೇ ಎನ್ನುತ್ತಾರೆ. ಅಲ್ಲ. ಅದು ತಿನ್ನುವುದೂ ನಾವು ತಿನ್ನುವುದೂ ಒಂದೇ ಕಡಲಿನ ಮೀನು. ಆದ್ದರಿಂದಲೇ ಈ ಮಾತು.

ನಮ್ಮ ಕರಾವಳಿಯಲ್ಲಿ ದಡದ ಹತ್ತಿರ, ಹೊಳೆ ಕಡಲಿಗೆ ಸೇರುವ ಕಡೆ ತಿರುಗುವುದು ಗೂನುಬೆನ್ನಿನ ಡಾಲ್ಫಿನ್. ಅದು ಮೀನಲ್ಲ, ನಮ್ಮಂತೆ ಉಸಿರಾಡುವ, ಮರಿಗೆ ಹಾಲೂಡಿಸುವ ಪ್ರಾಣಿ. ಆಳದ ಕಡಲಿಗೆ ಹೋಗುವುದು ಅಪರೂಪ. ಹೀಗಾಗಿ ಊರು, ಹೊಲ, ಕಾರ್ಖಾನೆಗಳಿಂದ ಹೊಳೆಗೆ ಇಳಿದುದೆಲ್ಲ ಮೊದಲು ತಲುಪುವುದು ಅದರ ಮನೆಗೇ.

ಡಿ.ಡಿ.ಟಿ.ಯಂಥ ಕೀಟನಾಶಕಗಳು, ಹಳೆಯ ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿದ್ದ ಪಿ.ಸಿ.ಬಿ. ಎಂಬ ರಾಸಾಯನಿಕ, ಇವು ನೀರಿನಲ್ಲಿ ಅಷ್ಟಾಗಿ ಕರಗವು, ಕೊಬ್ಬಿನಲ್ಲಿ ಸೇರಿಕೊಳ್ಳುತ್ತವೆ. ಕಣ್ಣಿಗೆ ಕಾಣದ ಜೀವಿಯಿಂದ ಬೂತಾಯಿಗೆ, ಬೂತಾಯಿಯಿಂದ ದೊಡ್ಡ ಮೀನಿಗೆ, ಅಲ್ಲಿಂದ ಡಾಲ್ಫಿನ್ನಿಗೆ ಏರುತ್ತ, ಬಡ್ಡಿಗೆ ಬಡ್ಡಿ ಸೇರಿದ ಸಾಲದಂತೆ ಬೆಳೆಯುತ್ತವೆ. ಪಿ.ಸಿ.ಬಿ. ಹೆಚ್ಚಾದರೆ ರೋಗವನ್ನು ತಡೆಯುವ ಶಕ್ತಿ ಕುಂದುತ್ತದೆ, ಸಂತಾನಕ್ಕೂ ಪೆಟ್ಟು ಬೀಳುತ್ತದೆ. ತಾಯಿಯ ಕೊಬ್ಬಿನಲ್ಲಿ ಕೂಡಿಟ್ಟ ವಿಷ ಹಾಲಿನ ಮೂಲಕ ಮರಿಗೆ ಇಳಿಯುತ್ತದೆ. ಹೆಚ್ಚಿನ ಪಾಲು ಚೊಚ್ಚಲ ಮರಿಗೇ. ಅಮೆರಿಕದ ಫ್ಲಾರಿಡಾದ ಸಾರಸೋಟ ಕೊಲ್ಲಿಯಲ್ಲಿ 1970ರಿಂದ ಡಾಲ್ಫಿನ್ನುಗಳನ್ನು ಗಮನಿಸುತ್ತಿರುವ ಸಂಶೋಧಕರು, ಚೊಚ್ಚಲ ಮರಿಗಳು ಬದುಕುಳಿಯುವುದು ಕಡಿಮೆಯೆಂದು ಕಂಡಿದ್ದಾರೆ.

ಇದು ದೂರ ದೇಶದ ಕಥೆಯೆಂದು ತಿಳಿಯಬೇಡಿ. ನಮ್ಮ ದೇಶದಲ್ಲಿ ಬೇಸಾಯಕ್ಕೆ ಡಿ.ಡಿ.ಟಿ. ಬಳಸುವುದನ್ನು 1989ರಲ್ಲಿ ನಿಷೇಧಿಸಲಾಯಿತು. ಆದರೂ ತಮಿಳುನಾಡಿನ ದಡದಲ್ಲಿ ಸಿಕ್ಕ ಡಾಲ್ಫಿನ್ನುಗಳನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಇಂಥ ವಿಷಗಳ ಪೈಕಿ ಮೇಲುಗೈ ಡಿ.ಡಿ.ಟಿ.ಯದೇ. ಕಾಗದದ ಮೇಲಿನ ನಿಷೇಧ ಒಂದು ದಿನದ ಕೆಲಸ. ಕೊಬ್ಬಿಗೆ ಸೇರಿದ್ದು ತಲೆಮಾರಿನ ಕೆಲಸ.

ನಮ್ಮ ಉತ್ತರಕ್ಕೇ ಬನ್ನಿ. ಕಾರವಾರದ ಕಾಸ್ಟಿಕ್ ಸೋಡಾ ಕಾರ್ಖಾನೆಯ ಹತ್ತಿರದ ಕಡಲಿನಲ್ಲಿ ಪಾದರಸದ ವಿಷಯವಾಗಿ ಮೀನುಗಾರಿಕಾ ವಿಜ್ಞಾನಿಗಳು 1990ರಲ್ಲೇ ವರದಿ ಬರೆದರು. ಕಾಸ್ಟಿಕ್ ಸೋಡಾ ನಮಗೆ ಪರಕೀಯವಲ್ಲ: ಗಿರಣಿಯ ಬಟ್ಟೆಗೂ ಅಂಗಡಿಯ ಸಾಬೂನಿಗೂ ಅದು ಬೇಕು. ಹಿಂದೆ ಅದನ್ನು ತಯಾರಿಸಲು ಪಾದರಸ ಬಳಸುತ್ತಿದ್ದರು. ಆ ಪಾದರಸ ಕಡಲು ಸೇರಿ ಮೀನಿಗೆ ಹತ್ತಿದರೆ, ಮೀನು ತಿಂದವರ ನರಗಳಿಗೆ ಕೇಡು. ಪಾದರಸವಿಲ್ಲದ ವಿಧಾನ ಬಂದ ಮೇಲೆ ದೇಶದ ಕಾರ್ಖಾನೆಗಳು ಅದಕ್ಕೆ ಬದಲಾದವು. ಸೋಡಾ ನಿಲ್ಲಲಿಲ್ಲ, ಸಾಬೂನೂ ನಿಲ್ಲಲಿಲ್ಲ.

“ಕಾರ್ಖಾನೆ ಬೇಕೋ, ಕಡಲು ಬೇಕೋ?” ಎಂದು ನಮ್ಮನ್ನು ಹೆದರಿಸುವವರಿಗೆ ಇದೇ ಉತ್ತರ. ಕೆನಡಾದ ಸೇಂಟ್ ಲಾರೆನ್ಸ್ ನದೀಮುಖದಲ್ಲಿ ಡಾಲ್ಫಿನ್ನಿನ ದಾಯಾದಿಗಳಾದ ಬೆಲೂಗ ತಿಮಿಂಗಿಲಗಳಿವೆ. ಸತ್ತು ದಡಕ್ಕೆ ಬಂದವುಗಳಲ್ಲಿ ಕ್ಯಾನ್ಸರ್ ವಿಪರೀತವಾಗಿ ಕಂಡಿತು. ಸಂಶೋಧಕರು ಬೆರಳು ತೋರಿಸಿದ್ದು ಅಲ್ಲಿನ ಅಲ್ಯೂಮಿನಿಯಂ ಕಾರ್ಖಾನೆಗಳು ಬಿಟ್ಟ ಡಾಂಬರಿನ ಜಾತಿಯ ವಿಷಗಳತ್ತ. ಅದೇ ಕಾರ್ಖಾನೆಗಳಲ್ಲಿ ದುಡಿದ ಕೂಲಿಕಾರರಿಗೂ ಮೂತ್ರಕೋಶದ ಕ್ಯಾನ್ಸರ್ ಹೆಚ್ಚಾಗಿ ತಗಲಿತ್ತು. ಒಳಗೆ ದುಡಿದವನಿಗೂ ಹೊರಗೆ ಈಜಿದ ಪ್ರಾಣಿಗೂ ಉಣಿಸಿದ್ದು ಒಂದೇ ನಂಜು. ಲಾಭ ಮಾತ್ರ ಬೇರೆಯವರ ಮನೆ ಸೇರಿತು. 1970ರ ದಶಕದಲ್ಲಿ ಆ ವಿಷವನ್ನು ನೀರಿಗೆ ಬಿಡುವುದು ಕಡಿಮೆಯಾಯಿತು. 1971ರ ಅನಂತರ ಹುಟ್ಟಿ, ಸತ್ತ ಮೇಲೆ ಪರೀಕ್ಷೆಗೆ ಸಿಕ್ಕ ಬೆಲೂಗಗಳಲ್ಲಿ ಕ್ಯಾನ್ಸರ್ ಕಾಣಲಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ದಡಕ್ಕೆ ಬಂದು ಬಿದ್ದ ಡಾಲ್ಫಿನ್ನನ್ನು ಪರೀಕ್ಷೆ ಮಾಡದೆ ಹೂಳಬಾರದು. ಅದರ ಕೊಬ್ಬಿನ ಲೆಕ್ಕ ನಮ್ಮ ಮೀನಿನ ಲೆಕ್ಕವೂ ಹೌದು. ಮಾರುಕಟ್ಟೆಯ ಮೀನನ್ನು ಕಾಲಕಾಲಕ್ಕೆ ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಕಾರ್ಖಾನೆ ಏನನ್ನು ಬಳಸುತ್ತದೆ, ಏನನ್ನು ಹೊಳೆಗೆ ಬಿಡುತ್ತದೆ ಎಂಬುದನ್ನು ಅಲ್ಲಿನ ಕೂಲಿಕಾರರಿಗೆ ಮೊದಲು ತಿಳಿಸಬೇಕು. ನಮ್ಮ ಪಾಲಿನ ಕರ್ತವ್ಯವೂ ಇದೆ: ಹಳೆಯ ಎಣ್ಣೆ, ಮಿಕ್ಕ ಕೀಟನಾಶಕಗಳನ್ನು ತೋಡಿಗೆ ಚೆಲ್ಲುವುದನ್ನು ಅಂಗಡಿಕಾರರೂ ಗ್ಯಾರೇಜಿನವರೂ ಇಂದೇ ನಿಲ್ಲಿಸಬೇಕು.

ಡಾಲ್ಫಿನ್ ಅರ್ಜಿ ಬರೆಯದು, ಮುಷ್ಕರ ಹೂಡದು. ನಾವು ಅದನ್ನು ಮಾಡಬಲ್ಲೆವು. ಮಾಡೋಣ.