ಹೂಳು ಕಲ್ಲಾಗುವ ಕಥೆ: ಮಕ್ಕಳಿಗೆ ಸೆಡಿಮೆಂಟರಿ ಶಿಲೆ ಹೇಳಿಕೊಡೋದು ಹೇಗೆ?



ನಾನು ಪುಣೆಯಲ್ಲಿ ಐಟಿ ಕೆಲಸದಲ್ಲಿದ್ದೀನಿ. ಊರು ಕಲಬುರಗಿ ಜಿಲ್ಲೆಯ ಸೇಡಂ ಕಡೆ. ಭಾನುವಾರ ಬೆಳಗ್ಗೆ ನಮ್ಮ ಸೊಸೈಟಿ ಕ್ಲಬ್‌ಹೌಸಿನಲ್ಲಿ ಮೂರನೇ ಕ್ಲಾಸಿಂದ ಐದನೇ ಕ್ಲಾಸಿನವರೆಗಿನ ಹತ್ತು-ಹನ್ನೆರಡು ಮಕ್ಕಳಿಗೆ ಕನ್ನಡದಲ್ಲಿ ವಿಜ್ಞಾನ ಹೇಳಿಕೊಡ್ತೀನಿ. ನಾನು ಭೂವಿಜ್ಞಾನಿ ಅಲ್ಲ, ಟೀಚರ್ ಟ್ರೇನಿಂಗ್ ಆದವನೂ ಅಲ್ಲ. ನಿಮ್ಮಲ್ಲಿ ಹೆಚ್ಚಿನವರ ಹಾಗೆ ವಾರಕ್ಕೆ ಎರಡು ಗಂಟೆ ಬಿಡುವು ಮಾಡ್ಕೊಂಡು ಮಕ್ಕಳ ಜೊತೆ ಕೂರೋನು.

ಇವತ್ತು ಒಂದೇ ಒಂದು ಪಾಠದ ಬಗ್ಗೆ ಮಾತಾಡ್ತೀನಿ: ಸೆಡಿಮೆಂಟರಿ ಶಿಲೆ. ಕನ್ನಡದಲ್ಲಿ ಪದರುಶಿಲೆ, ಜಲಜಶಿಲೆ, ಕಣಶಿಲೆ ಅಂತೆಲ್ಲ ಹೆಸರಿದೆ. ಈ ಪಾಠಾನೇ ಯಾಕೆ ಅಂದ್ರೆ, ಮಕ್ಕಳು ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ತಗೊಂಡು, ಅದೇ ಕಲ್ಲಿನ ಮೇಲೆ ನಿಂತ್ಕೊಂಡು, ಅದು ಏನು ಅಂತ ಗೊತ್ತಿಲ್ಲದೆ ನಡೆದು ಹೋಗ್ತಾರೆ.

ಪದರ ಇದ್ದರೆ ಸಾಕಾ?

ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿ ಮಳೆಗಾಲದಲ್ಲಿ ಅಪ್ಪ-ಅಮ್ಮನ ಜೊತೆ ಖಂಡಾಲಾ ಘಾಟಿಗೆ ಹೋಗಿ ಬಂದಳು. ಬಂದವಳೇ, "ಕಾಕಾ, ಅಲ್ಲಿ ಬೆಟ್ಟದ ತುಂಬಾ ಪದರ ಪದರ ಇದೆ. ಅದೆಲ್ಲ ಸೆಡಿಮೆಂಟರಿ, ಅಲ್ವಾ?" ಅಂದಳು.

ಅಲ್ಲ. ಅದು ಬಸಾಲ್ಟ್, ಅಗ್ನಿಶಿಲೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು, ಆರಿ, ಅದರ ಮೇಲೆ ಮತ್ತೆ ಹರಿದು, ಹೀಗೆ ಒಂದರ ಮೇಲೊಂದು ಕೂತದ್ದು. ಡೆಕ್ಕನ್ ಟ್ರ್ಯಾಪ್ ಅಂತೀವಲ್ಲ, ಆ 'ಟ್ರ್ಯಾಪ್' ಪದ ಬಂದಿದ್ದು ಮೆಟ್ಟಿಲು ಅನ್ನೋ ಅರ್ಥದ ಸ್ವೀಡಿಷ್ ಪದದಿಂದ. ಸಹ್ಯಾದ್ರಿಯ ಆ ಮೆಟ್ಟಿಲುಗಳು ಲಾವಾ ಕಟ್ಟಿದ ಮೆಟ್ಟಿಲುಗಳು.

ಆ ಹುಡುಗಿ ನೋಡಿದ್ದು ಸರಿಯಾಗೇ ನೋಡಿದ್ದಳು. ಕಣ್ಣು ತಪ್ಪಲಿಲ್ಲ. ತೊಂದರೆ ಇದ್ದಿದ್ದು ಅವಳಿಗೆ ಸಿಕ್ಕ ವಾಕ್ಯದಲ್ಲಿ. "ಸೆಡಿಮೆಂಟರಿ ಶಿಲೆಗಳಲ್ಲಿ ಪದರಗಳಿರುತ್ತವೆ." ವಾಕ್ಯ ಸುಳ್ಳಲ್ಲ, ಆದರೆ ಅದನ್ನ ಹಿಡ್ಕೊಂಡು ಬೆಟ್ಟದ ಮುಂದೆ ನಿಂತರೆ ದಾರಿ ತಪ್ಪತ್ತೆ.

ಅದಕ್ಕೇ ನಾನು ಹೇಳೋದು: ಕಲ್ಲು ಹೇಗೆ ಕಾಣತ್ತೆ ಅನ್ನೋದರಿಂದ ಶುರು ಮಾಡಬೇಡಿ. ಮೂರು ಪ್ರಶ್ನೆಯಿಂದ ಶುರು ಮಾಡಿ. ಇದು ಮೊದಲು ಏನಾಗಿತ್ತು? ಯಾರು ತಂದು ಹಾಕಿದರು? ಯಾವುದು ಅಂಟಿಸಿತು? ಈ ಮೂರಕ್ಕೂ ಉತ್ತರ ಹುಡುಕೋಕೆ ಹೊರಟ ಮಗು ಬಸಾಲ್ಟಿನ ಮುಂದೆ ನಿಂತರೆ, ಅದರಲ್ಲಿರೋ ಸಣ್ಣ ಸಣ್ಣ ತೂತು ನೋಡತ್ತೆ. "ಮರಳಿನ ಕಾಳು ಎಲ್ಲೂ ಇಲ್ವಲ್ಲ, ಈ ತೂತು ಯಾಕಿದೆ?" ಅಂತ ಕೇಳತ್ತೆ. ಕರಗಿದ ಲಾವಾದೊಳಗಿನ ಗಾಳಿಗುಳ್ಳೆ ಬಿಟ್ಟುಹೋದ ಗುರುತು ಅದು. ಉತ್ತರ ತಾನಾಗೇ ಬೇರೆ ದಿಕ್ಕಿಗೆ ಹೋಗತ್ತೆ.

ನಮ್ಮ ಹತ್ರ ಒಳ್ಳೆ ಪದ ಇದೆ: ಹೂಳು

'ಸೆಡಿಮೆಂಟ್' ಅಂದರೆ ಮಕ್ಕಳಿಗೆ ಅದೊಂದು ಸ್ಪೆಲ್ಲಿಂಗ್ ಅಷ್ಟೇ. ಕನ್ನಡದಲ್ಲಿ ಅದಕ್ಕೆ ಎಲ್ಲರಿಗೂ ಗೊತ್ತಿರೋ ಪದ ಇದೆ: ಹೂಳು. ಕೆರೆಯಲ್ಲಿ ಹೂಳು, ಕಾಲುವೆಯಲ್ಲಿ ಹೂಳು. ಅಡುಗೆಮನೆಯಲ್ಲಿ ಇನ್ನೊಂದು ಪದ: ಗಸಿ. ತುಪ್ಪ ಕಾಯಿಸಿದಾಗ ತಳದಲ್ಲಿ ಕೂರೋದು. ಎರಡೂ ಕಡೆ ವಿಷಯ ಒಂದೇ: ತೇಲ್ತಾ ಇದ್ದದ್ದು ಕೆಳಗೆ ಕೂತಿದೆ.

ಹೂಳು ಅಂದ ಕೂಡಲೇ ತುಂಗಭದ್ರಾ ಡ್ಯಾಂ ಹೇಳ್ತೀನಿ. ಕಟ್ಟಿದ ಕಾಲಕ್ಕೆ ಅದರಲ್ಲಿ ಸುಮಾರು 133 ಟಿಎಂಸಿ ನೀರು ಹಿಡೀತಿತ್ತು. ಈಗ ಹಿಡಿಯೋದು ಸುಮಾರು 105. ನೀರಿನ ಜಾಗದಲ್ಲಿ ಹೂಳು ಕೂತಿದೆ. ಈ ಎರಡು ಸಂಖ್ಯೆ ಬೋರ್ಡಿನ ಮೇಲೆ ಬರೆದು, ಕಳೆದು ನೋಡಿ ಅಂತೀನಿ. ಆ 28 ಟಿಎಂಸಿ ನೀರು ಇದ್ದಿದ್ದರೆ ಎಷ್ಟು ರೈತರ ಹೊಲಕ್ಕೆ ಹೋಗ್ತಿತ್ತು ಅಂತ ಕೇಳ್ತೀನಿ. ಹೂಳು ಅನ್ನೋದು ಪುಸ್ತಕದ ಮಾತಲ್ಲ, ಮೇಲಿನ ಬೆಟ್ಟ-ಹೊಲದ ಮಣ್ಣು ಕೆಳಗೆ ಬಂದು ಕೂತರೆ ಇನ್ಯಾರದೋ ಬೆಳೆ ಒಣಗತ್ತೆ ಅನ್ನೋದು ಆಗ ತಲೆಗೆ ಹೋಗತ್ತೆ.

ಆಮೇಲೆ ಐದು ಕ್ರಿಯಾಪದ ಕಲಿಸ್ತೀನಿ: ಒಡೆಯೋದು, ಸಾಗೋದು, ಕೂರೋದು, ಅದುಮೋದು, ಅಂಟೋದು. ಬಿಸಿಲು-ಮಳೆಗೆ ಕಲ್ಲು ಒಡೆಯತ್ತೆ. ನೀರು, ಗಾಳಿ ಅದನ್ನ ಸಾಗಿಸತ್ತೆ. ವೇಗ ಕಡಿಮೆ ಆದ ಕಡೆ ಕೂರತ್ತೆ. ಮೇಲೆ ಬಿದ್ದ ಹೊಸ ಹೂಳು ಕೆಳಗಿನದನ್ನ ಅದುಮತ್ತೆ. ನೀರಿನಲ್ಲಿ ಕರಗಿರೋ ಸುಣ್ಣ, ಸಿಲಿಕಾ, ಕಬ್ಬಿಣದ ಅಂಶ ಕಾಳುಗಳ ನಡುವೆ ಸೇರಿ ಅಂಟಿಸತ್ತೆ. ಮಕ್ಕಳು ಇದನ್ನ ಎದ್ದು ನಿಂತು ಆಡಿ ತೋರಿಸ್ತಾರೆ. ಒಬ್ಬ ನದಿ, ನಾಲ್ವರು ಮರಳಿನ ಕಾಳು, ಒಬ್ಬಳು ಅಂಟು. ಗಲಾಟೆ ಆಗತ್ತೆ, ಆಗಲಿ. ಮರುವಾರ ಐದೂ ಪದ ಕ್ರಮವಾಗಿ ನೆನಪಿರತ್ತೆ.

ಖರ್ಚಿಲ್ಲದ ಮೂರು ಪ್ರಯೋಗ

ಮೊದಲನೇದು, ಬಾಟಲಿ. ಅಗಲ ಬಾಯಿಯ ಒಂದು ಪಾರದರ್ಶಕ ಬಾಟಲಿಯಲ್ಲಿ ಸಣ್ಣ ಜಲ್ಲಿ, ಮರಳು, ಗಾರ್ಡನ್ ಮಣ್ಣು ಒಂದೊಂದು ಹಿಡಿ ಹಾಕಿ. ಮುಕ್ಕಾಲು ನೀರು ತುಂಬಿಸಿ, ಮುಚ್ಚಳ ಹಾಕಿ, ಜೋರಾಗಿ ಅಲ್ಲಾಡಿಸಿ ಇಡಿ. ಮೊದಲು ಊಹೆ ಬರೆಸಿ: ಯಾವುದು ಮೊದಲು ಕೂರತ್ತೆ? ಜಲ್ಲಿ ಕ್ಷಣದಲ್ಲಿ, ಮರಳು ಸ್ವಲ್ಪ ಹೊತ್ತಲ್ಲಿ. ಆದರೆ ಜೇಡಿಯ ನುಣುಪು ಕಣ ಮರುದಿನವೂ ನೀರನ್ನ ರಾಡಿಯಾಗೇ ಇಟ್ಟಿರಬಹುದು. ಆಗ ಚಿಟಿಕೆ ಪಟಿಕ, ಅಂದರೆ ಇಲ್ಲಿಯವರ ಫಿಟ್ಕರಿ ಹಾಕಿ ನೋಡಿ. ಸಣ್ಣ ಕಣಗಳು ಒಂದಕ್ಕೊಂದು ಸೇರಿ ಬೇಗ ಕೆಳಗೆ ಇಳೀತವೆ. ನದಿ ಬೆಟ್ಟದ ಹತ್ರ ಜಲ್ಲಿ ಬಿಟ್ಟು, ದೂರ ಸಮುದ್ರದವರೆಗೆ ನುಣುಪು ಮಣ್ಣು ಯಾಕೆ ಒಯ್ಯತ್ತೆ ಅನ್ನೋದು ಈ ಬಾಟಲಿಯಲ್ಲೇ ಇದೆ. ಮರಳು ಅಂಟಿದರೆ ಮರಳುಗಲ್ಲು. ಜೇಡಿ ಅದುಮಿದರೆ ಶೇಲ್. ಸುಣ್ಣದ ಕೆಸರು ಗಟ್ಟಿಯಾದರೆ ಸುಣ್ಣಕಲ್ಲು.

ಎರಡನೇದು, ಅಂಟು. ಎರಡು ಪೇಪರ್ ಕಪ್‌. ಎರಡರಲ್ಲೂ ಎರಡು ಬೆರಳಿನಷ್ಟು ಮರಳು. ಒಂದಕ್ಕೆ ಬರೀ ನೀರು. ಇನ್ನೊಂದಕ್ಕೆ ನೀರು ಬೆರೆಸಿದ ಫೆವಿಕಾಲ್. ಎರಡನ್ನೂ ಬೆರಳಲ್ಲಿ ಒತ್ತಿ, ವಾರ ಪೂರ್ತಿ ಬಿಸಿಲಲ್ಲಿಡಿ. ಮುಂದಿನ ಭಾನುವಾರ ಕಪ್ ಹರಿದರೆ ಒಂದು ಪುಡಿಪುಡಿ, ಇನ್ನೊಂದು ಕಲ್ಲಿನ ಬಿಲ್ಲೆ. ಇದನ್ನ ಯಾಕೆ ಮಾಡಬೇಕು ಅಂದ್ರೆ, ತುಂಬಾ ಕಡೆ ಈ ಪಾಠವನ್ನ ಕೇಕ್, ಸ್ಯಾಂಡ್‌ವಿಚ್ ತೋರಿಸಿ ಮುಗಿಸಿಬಿಡ್ತಾರೆ. ಅದರಲ್ಲಿ ಪದರ ಮಾತ್ರ ಕಾಣತ್ತೆ. ಪುಡಿಯಾಗಿದ್ದದ್ದು ಮತ್ತೆ ಗಟ್ಟಿ ಆಯ್ತು ಅನ್ನೋ ನಿಜವಾದ ಆಶ್ಚರ್ಯ ಕಾಣೋದೇ ಇಲ್ಲ.

ಮೂರನೇದು, ನಿಂಬೆಹಣ್ಣು. ಸುಣ್ಣಕಲ್ಲಿನ ಮೇಲೆ ಹುಳಿ ಬಿದ್ದರೆ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಬರತ್ತೆ. ಒಂದು ಸುಣ್ಣಕಲ್ಲಿನ ಚೂರು, ಒಂದು ಬಸಾಲ್ಟ್ ಜಲ್ಲಿ ತಗೊಳ್ಳಿ. ಎರಡನ್ನೂ ಮೊಳೆಯಿಂದ ಸ್ವಲ್ಪ ಗೀರಿ, ಪುಡಿ ಎದ್ದ ಕಡೆ ನಿಂಬೆರಸ ಬಿಡಿ, ಭೂತಗನ್ನಡಿಯಲ್ಲಿ ನೋಡಿ. ಬಸಾಲ್ಟಿನಲ್ಲಿ ಬಿಳಿ ಚುಕ್ಕೆ ಇಲ್ಲದ ಕಪ್ಪು ಭಾಗವನ್ನೇ ಆರಿಸಿ. ಆ ಬಿಳಿ ಚುಕ್ಕೆ ಕೆಲವು ಸಲ ಕ್ಯಾಲ್ಸೈಟ್ ಆಗಿರತ್ತೆ, ಅದೂ ಗುಳ್ಳೆ ಬಿಡತ್ತೆ. ಮನೆಯ ಪಾಲಿಶ್ ಮಾಡಿದ ನೆಲದ ಮೇಲೆ ಮಾತ್ರ ಇದು ಬೇಡ, ಕಲೆ ಉಳಿಯತ್ತೆ. ಅಡುಗೆಕಟ್ಟೆಯ ಕಡಪಾ ಕಲ್ಲಿನ ಮೇಲೆ ನಿಂಬೆರಸ ಬಿದ್ದು ಮಚ್ಚೆ ಆಗಿರೋದು ನೋಡಿರ್ತೀರಲ್ಲ, ಕಾರಣ ಅದೇ. ಕಡಪಾ ಕಲ್ಲೂ ಸುಣ್ಣಕಲ್ಲೇ.

ಕಾಲ ಕೆಳಗಿನ ಊರು

ಸುಣ್ಣಕಲ್ಲಿನ ಚೂರು ಎಲ್ಲಿಂದ ತರೋದು? ದೂರ ಹೋಗಬೇಕಿಲ್ಲ. ಪುಣೆ, ಮುಂಬೈಯ ಹಳೇ ಬಿಲ್ಡಿಂಗಿನ ಮೆಟ್ಟಿಲು, ಪಾರ್ಕಿಂಗ್, ಬಾಲ್ಕನಿ ನೋಡಿ. ಬೂದು ಬಣ್ಣದ ಚಪ್ಪಟೆ ಕಲ್ಲು. ಮರಾಠಿಯವರು ಶಹಾಬಾದಿ ಫರಶಿ ಅಂತಾರೆ, ನಮ್ಮ ಕಡೆ ಪರಸಿ. ಆ ಶಹಾಬಾದ್ ಇರೋದು ನಮ್ಮ ಕಲಬುರಗಿ ಜಿಲ್ಲೆಯಲ್ಲಿ. ಪುಣೆಯ ಸ್ವಂತ ಕಲ್ಲು ಬಸಾಲ್ಟ್. ಪಾತಾಳೇಶ್ವರ ಗುಡಿ ಕೊರೆದಿದ್ದು ಅದರಲ್ಲೇ. ಆದರೆ ಜನ ಕಾಲಿಡೋ ನೆಲ ಬಂದಿದ್ದು ಕಲಬುರಗಿಯಿಂದ.

ಇದನ್ನ ಹೇಳಿದಾಗ ಮಕ್ಕಳ ಮುಖ ನೋಡಬೇಕು. ಅವರಿಗೆ ಕರ್ನಾಟಕ ಅಂದರೆ ಬೇಸಿಗೆ ರಜೆ, ಅಜ್ಜಿ ಮನೆ, ರಾತ್ರಿ ಬಸ್ಸು. ಅದು ದಿನಾ ಸ್ಕೂಲ್ ಬ್ಯಾಗ್ ಹಾಕ್ಕೊಂಡು ಇಳಿಯೋ ಮೆಟ್ಟಿಲಲ್ಲೇ ಇದೆ ಅಂತ ಯಾರೂ ಹೇಳಿರಲ್ಲ.

ಆ ಕಲ್ಲು ಯಾಕೆ ಅಷ್ಟು ಚಪ್ಪಟೆ? ಶಾಂತವಾದ, ಆಳ ಇಲ್ಲದ ಕಡಲ ತಳದಲ್ಲಿ ಸುಣ್ಣದ ನುಣುಪು ಕೆಸರು ಸಮನಾಗಿ ಕೂತಿದ್ದು ಅದು. ಪದರದ ಗುಂಟ ಸೀಳಿದರೆ ಹಲಗೆಯ ಹಾಗೆ ಏಳತ್ತೆ. ಕಾಗಿಣಾ ನದಿ ದಂಡೆಯ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ, ಅಲ್ಲಿಯ ಕೋಟೆಗೂ ಅದೇ ಕಲ್ಲು. ಭೂವಿಜ್ಞಾನದಲ್ಲಿ ಆ ಪ್ರದೇಶಕ್ಕೆ ಭೀಮಾ ಬೇಸಿನ್ ಅಂತ ಹೆಸರು. ವಾಡಿ, ಸೇಡಂ ಸುತ್ತಮುತ್ತ ಸಿಮೆಂಟ್ ಕಾರ್ಖಾನೆಗಳಿರೋದೂ ಆ ಸುಣ್ಣಕಲ್ಲಿನಿಂದಲೇ.

ಹೈದರಾಬಾದಿನಲ್ಲಿರೋರು ತಾಂಡೂರು ಕಲ್ಲು ಹುಡುಕಿ, ಅದೂ ಇದೇ ಭೀಮಾ ಬೇಸಿನ್ನಿನದು. ಪಕ್ಕದಲ್ಲೇ ಗ್ರಾನೈಟ್ ಬಂಡೆ ಸಿಗತ್ತೆ, ಹೋಲಿಸೋಕೆ ಸುಲಭ. ಚೆನ್ನೈಯಲ್ಲಿ ಕಡಪಾ ಕಲ್ಲು. ದೆಹಲಿಯವರಿಗೆ ನೆಲಕ್ಕೆ ಹಾಸಿದ ಕೋಟಾ ಕಲ್ಲು ಸುಣ್ಣಕಲ್ಲು, ಕೆಂಪು ಕೋಟೆಯ ಗೋಡೆ ಮರಳುಗಲ್ಲು. ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಬರೀ ಕಣ್ಣು, ದಯವಿಟ್ಟು. ರಜೆಯಲ್ಲಿ ಬಾದಾಮಿಗೆ ಹೋದರೆ ಮೂರನೇ ಗುಹೆಯ 578ರ ಶಾಸನದ ಜೊತೆಗೆ ಬಂಡೆಯ ಓರೆ ಗೆರೆಗಳನ್ನೂ ತೋರಿಸಿ. ಹರಿಯೋ ನೀರು ಮರಳನ್ನ ತಳ್ತಾ ತಳ್ತಾ ಬಿಟ್ಟ ಗೆರೆಗಳವು, ನೀರು ಯಾವ ಕಡೆ ಹರೀತಿತ್ತು ಅಂತ ಹೇಳ್ತವೆ. ಕೆಂಪು ಬಣ್ಣ ಕಬ್ಬಿಣದ್ದು.

ಮಕ್ಕಳು ಕೇಳೋ ಪ್ರಶ್ನೆಗಳು

"ಇದರಲ್ಲಿ ಫಾಸಿಲ್ ಯಾಕಿಲ್ಲ?" ಪುಸ್ತಕದಲ್ಲಿ ಶಂಖ, ಚಿಪ್ಪಿನ ಚಿತ್ರ ಇರತ್ತೆ, ಮೆಟ್ಟಿಲಲ್ಲಿ ಹುಡುಕಿದರೆ ಇಲ್ಲ. ಯಾಕಂದರೆ ಶಹಾಬಾದಿ ಕಲ್ಲು 50 ಕೋಟಿ ವರ್ಷಕ್ಕೂ ಹಳೇದು. ಕಡಲಲ್ಲಿ ಚಿಪ್ಪಿನ ಪ್ರಾಣಿಗಳು ತುಂಬಿಕೊಳ್ಳೋಕೆ ಮುಂಚಿನ ಕೆಸರು.

"50 ಕೋಟಿ ಅಂದ್ರೆ ಎಷ್ಟು?" ಇದಕ್ಕೆ ಟೈಲರ್ ಟೇಪ್ ಮತ್ತು ಸೀಮೆಸುಣ್ಣ ಬೇಕು. ಒಂದು ಸೆಂಟಿಮೀಟರ್ ಅಂದರೆ 10 ಲಕ್ಷ ವರ್ಷ ಅಂತ ಇಟ್ಕೊಳ್ಳಿ. ಡೆಕ್ಕನ್ ಬಸಾಲ್ಟ್ 66 ಸೆಂಟಿಮೀಟರ್ ಹಿಂದೆ. ಶಹಾಬಾದಿ ಕಲ್ಲು 5 ಮೀಟರಿಗಿಂತ ಆಚೆ. ಭೂಮಿ ಹುಟ್ಟಿದ್ದು ಸುಮಾರು 45 ಮೀಟರ್ ಹಿಂದೆ. ನಮ್ಮ ಮನುಷ್ಯ ಜಾತಿ ಸುಮಾರು 3 ಮಿಲಿಮೀಟರ್. ಬಾದಾಮಿಯ ಚಾಲುಕ್ಯರು ತಲೆಗೂದಲಿಗಿಂತ ತೆಳ್ಳಗೆ. ಪಾರ್ಕಿಂಗಿನಲ್ಲಿ ಗೆರೆ ಎಳೆಸಿ, ನಡೆಸಿ. ಕೋಟಿ ಅನ್ನೋದು ಕಾಲಿಗೆ ಗೊತ್ತಾಗತ್ತೆ.

"ಯಾವ ಪದರ ಹಳೇದು?" 1669ರಲ್ಲಿ ನಿಕೋಲಸ್ ಸ್ಟೆನೋ ಬರೆದ ನಿಯಮ: ಅಡಿಮೇಲು ಆಗದಿದ್ದರೆ, ಕೆಳಗಿರೋದೇ ಹಳೇದು. ನಾನು ಒಗೆಯೋ ಬಟ್ಟೆಯ ಬುಟ್ಟಿ ತೋರಿಸ್ತೀನಿ. ಸೋಮವಾರದ ಯೂನಿಫಾರ್ಮ್ ತಳದಲ್ಲಿ. ಆದರೆ ಅಮ್ಮ ಬುಟ್ಟಿ ಬೋರಲು ಹಾಕಿದ್ದರೆ? ಭೂಮಿಯಲ್ಲೂ ಪದರ ಮಡಚತ್ತೆ, ಮಗುಚತ್ತೆ.

ಕೊನೆಗೆ ನನಗೆ ತುಂಬಾ ಇಷ್ಟವಾದ ಪ್ರಶ್ನೆ: "ಈಗಲೂ ಕಲ್ಲು ಆಗ್ತಾ ಇದೆಯಾ?" ಆಗ್ತಾ ಇದೆ, ಅಥವಾ ಅದರ ಮೊದಲ ಮೂರು ಕ್ರಿಯಾಪದ ನಡೀತಾ ಇದೆ. ಮಳೆಗಾಲದಲ್ಲಿ ಮುಳಾ-ಮುಠಾ ಕೆಂಪಗೆ ಹರಿಯೋದು ನೋಡಿ. ಆ ಮಣ್ಣು ಭೀಮಾ ನದಿ ಸೇರತ್ತೆ. ಒಂದಿಷ್ಟು ಉಜನಿ ಡ್ಯಾಮಿನಲ್ಲಿ ಕೂರತ್ತೆ, ದಾಟಿದ್ದು ಕಲಬುರಗಿ ಹಾದು, ಕೃಷ್ಣೆ ಸೇರಿ, ಬಂಗಾಳಕೊಲ್ಲಿ ಕಡೆ ಹೋಗತ್ತೆ. ಕಲಬುರಗಿಯಿಂದ ಪುಣೆಗೆ ಕಲ್ಲು ಲಾರಿಯಲ್ಲಿ ಬಂತು. ಪುಣೆಯಿಂದ ಕಲಬುರಗಿ ಕಡೆಗೆ ಮಣ್ಣು ನೀರಲ್ಲಿ ಹೋಗ್ತಿದೆ.

ಇದೆಲ್ಲ ಯಾಕೆ?

ಕೆಲವು ಪೇರೆಂಟ್ಸ್ ಕೇಳ್ತಾರೆ, ಇದೆಲ್ಲ ಯೂಟ್ಯೂಬಿನಲ್ಲಿ ಎರಡು ನಿಮಿಷದಲ್ಲಿ ಸಿಗತ್ತಲ್ಲ ಅಂತ. ಸಿಗತ್ತೆ. ಆದರೆ ವಿಡಿಯೋ ಹೇಳಿದ್ದು ಸರಿಯಾ ತಪ್ಪಾ ಅಂತ ವಿಡಿಯೋನೇ ಕೇಳೋಕಾಗಲ್ಲ. ಕಲ್ಲನ್ನ ಕೇಳಬಹುದು. ಗೀರಿ, ಹುಳಿ ಬಿಟ್ಟು, ಕಾಳು ಹುಡುಕಿ, "ನೀನು ಹೇಳಿದ್ದು ಇಲ್ಲಿ ಕಾಣ್ತಿಲ್ಲ ಕಾಕಾ" ಅಂತ ಮಗು ನನಗೇ ತಿರುಗಿ ಹೇಳಬಹುದು. ಒಂಬತ್ತು ವರ್ಷಕ್ಕೆ ಆ ಅಭ್ಯಾಸ ಬಂದರೆ ಮುಂದೆ ಯಾವ ಸಬ್ಜೆಕ್ಟ್ ಓದಿದರೂ ಕೈ ಹಿಡಿಯತ್ತೆ. ಬರೀ ಮೂರು ಹೆಸರು ಬಾಯಿಪಾಠ ಆದರೆ, ಘಾಟಿನಲ್ಲಿ ಕಣ್ಣು ಸರಿಯಾಗಿ ನೋಡಿದ್ದನ್ನೂ ವಾಕ್ಯ ಕೆಡಿಸತ್ತೆ.

ಇನ್ನೊಂದು ಮಾತು. ಹೊಸ ಫ್ಲಾಟುಗಳಲ್ಲಿ ಈಗ ವಿಟ್ರಿಫೈಡ್ ಟೈಲ್ಸ್. ಕೆಲವು ಟೈಲಿನ ಮೇಲೆ ಕಲ್ಲಿನ ಚಿತ್ರ ಪ್ರಿಂಟ್ ಆಗಿರತ್ತೆ. ಹಳೇ ಬಿಲ್ಡಿಂಗ್ ರಿಪೇರಿಗೆ ಬಂದಾಗ ಪರಸಿ ಕಿತ್ತು ಮೂಲೆಗೆ ಹಾಕ್ತಾರೆ. ವಾಚ್‌ಮನ್‌ಗೆ ಹೇಳಿ ಒಂದೆರಡು ಚೂರು ತೆಗೆದಿಟ್ಟುಕೊಳ್ಳಿ. ಒಂದು ಚೂರು, ಒಂದು ನಿಂಬೆಹಣ್ಣು, ಒಂದು ಬಾಟಲಿ. ಈ ಭಾನುವಾರಕ್ಕೆ ಅಷ್ಟು ಸಾಕು. ಉತ್ತರ ಮೊದಲೇ ಹೇಳಬೇಡಿ. ಇದು ಮೊದಲು ಏನಾಗಿತ್ತು, ಯಾರು ತಂದರು, ಯಾವುದು ಅಂಟಿಸಿತು ಅಂತ ಕೇಳಿ, ಸುಮ್ಮನೆ ಕೂತ್ಕೊಳ್ಳಿ.