ಜಾಲದ ಕಾವಲು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಹಳಗನ್ನಡವನ್ನೂ ಛಂದಸ್ಸನ್ನೂ ಪಾಠ ಹೇಳಿಕೊಂಡಿರುವ ನನಗೆ ಕಂಪ್ಯೂಟರ್ ಜಾಲವನ್ನು ಕುರಿತು ಮಾತನಾಡಲು ಅಧಿಕಾರವೇನೆಂದು ತಾವು ಕೇಳಬಹುದು. ಅದು ಪಾಂಡಿತ್ಯದಿಂದ ಬಂದುದಲ್ಲ, ಪೆಟ್ಟು ತಿಂದು ಬಂದುದು. ಕೆಲವು ವರ್ಷಗಳ ಹಿಂದೆ, ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸುವ ಕಡೆಯ ಮೂರು ದಿನಗಳಲ್ಲಿ, ಒಂದು ಶಾಲೆಯ ಜಾಲವು ಪ್ರತಿದಿನ ಮಧ್ಯಾಹ್ನ ನಿಂತುಹೋಗುತ್ತಿತ್ತು. ದೋಷ ಹೊರಗಿನದೆಂದು ನಾವೂ, ಒಳಗಿನದೆಂದು ಸೇವೆ ಒದಗಿಸುವವರೂ ವಾದಿಸುತ್ತಿರುವಾಗಲೇ ಗಡುವು ಕಳೆಯಿತು. ಕನ್ನಡ ಮನೆಮಾತಿನ ರೈತನೊಬ್ಬನ ಮಗಳ ಅರ್ಜಿ ಹೋಗದೆ ಉಳಿಯಿತು. ಜಾಲವು ಯಾವ ಹೊತ್ತಿಗೆ ನಿಂತಿತೆಂಬ ಒಂದು ಸಾಲಿನ ದಾಖಲೆಯೂ ನಮ್ಮಲ್ಲಿರಲಿಲ್ಲ.

ನಮ್ಮ ಕೆರೆಗಳ ನೀರುಗಂಟಿಯನ್ನು ನೆನೆಯಿರಿ. ಕಡೆಯ ಗದ್ದೆಗೆ ನೀರು ಬಾರದಿದ್ದರೆ ಅವನು ಕೆರೆಯನ್ನು ದೂರುತ್ತ ಕೂರುವುದಿಲ್ಲ. ತೂಬಿನಿಂದ ಹೊರಟು ಕಾಲುವೆಯುದ್ದಕ್ಕೂ ನಡೆದು, ನೀರು ಎಲ್ಲಿಯವರೆಗೆ ಬಂದಿದೆಯೆಂದು ನೋಡುತ್ತಾನೆ. ಜಾಲದ ಕಾವಲೂ ಇದೇ ಬಗೆಯದು. 1983ರಲ್ಲಿ ಅಮೆರಿಕದ ಮೈಕ್ ಮೂಸ್ ಎಂಬವರು ‘ಪಿಂಗ್’ ಎಂಬ ಪುಟ್ಟ ಸಾಧನವನ್ನು ರಚಿಸಿದರು. ಅದು ಒಂದು ಸಣ್ಣ ಸಂದೇಶವನ್ನು ಕಳುಹಿಸಿ, ಮರುದನಿ ಬರಲು ಹಿಡಿದ ಕಾಲವನ್ನು ಅಳೆಯುತ್ತದೆ. ಇದನ್ನು ಶಾಲೆಯ ರೂಟರಿಗೆ, ಸೇವೆ ಒದಗಿಸುವವರ ಯಂತ್ರಕ್ಕೆ, ದೂರದ ಒಂದು ವಿಳಾಸಕ್ಕೆ, ಹೀಗೆ ಮೂರು ಕಡೆಗೆ ಕಳುಹಿಸಬೇಕು. ಮೊದಲನೆಯದೇ ಉತ್ತರಿಸದಿದ್ದರೆ ದೋಷ ನಮ್ಮ ಮನೆಯೊಳಗೆ. ಎರಡನೆಯದು ಉತ್ತರಿಸದಿದ್ದರೆ ನಡುವಿನ ತಂತಿಯಲ್ಲಿ ಅಥವಾ ಅವರಲ್ಲಿ. ಮೂರನೆಯದು ಮಾತ್ರ ಮೌನವಾದರೆ ಅದರಾಚೆಗೆ.

ಅಳತೆಯಲ್ಲಿಯೂ ಎಚ್ಚರ ಬೇಕು. ನೂರು ಸಂದೇಶಗಳಲ್ಲಿ 99 ಸಂದೇಶಗಳು 20 ಮಿಲಿಸೆಕೆಂಡುಗಳಲ್ಲಿಯೂ ಒಂದು 2 ಸೆಕೆಂಡುಗಳಲ್ಲಿಯೂ ಮರಳಿದರೆ, ಸರಾಸರಿ ಸುಮಾರು 40 ಮಿಲಿಸೆಕೆಂಡುಗಳಾಗುತ್ತದೆ. ಆ ಸರಾಸರಿ ಯಾರ ಅನುಭವವೂ ಅಲ್ಲ. ತೊಂದರೆಗೊಳಗಾದ ಒಬ್ಬನನ್ನು ಅದು ಮರೆಮಾಡುತ್ತದೆ. ಆದುದರಿಂದ ಅತಿ ತಡವಾದುವನ್ನು ಪ್ರತ್ಯೇಕವಾಗಿ ಎಣಿಸಬೇಕು.

ದೊಡ್ಡ ಜಾಲಗಳಿಗೆ 1988ರಲ್ಲಿ ಎಸ್‌.ಎನ್‌.ಎಂ.ಪಿ. ಎಂಬ ಪದ್ಧತಿ ರೂಪುಗೊಂಡಿತು. ಕಾವಲಿನ ಕಂಪ್ಯೂಟರು ನಿಯತಕಾಲಕ್ಕೊಮ್ಮೆ ಪ್ರತಿಯೊಂದು ಯಂತ್ರದ ಯೋಗಕ್ಷೇಮವನ್ನು ವಿಚಾರಿಸುತ್ತದೆ. ಯಂತ್ರವು ತಾನಾಗಿಯೂ ಅಪಾಯವನ್ನು ಅರುಹಬಹುದು. ಅಡಿಗಡಿಗೆ ವಿಚಾರಿಸಿದರೆ ವಿಚಾರಣೆಯೇ ಜಾಲಕ್ಕೆ ಭಾರವಾಗುತ್ತದೆ. ವಿಚಾರಿಸದೆ ವರದಿಗಾಗಿ ಕಾದರೆ, ಸತ್ತ ಯಂತ್ರವು ತನ್ನ ಸಾವನ್ನು ತಾನೇ ತಿಳಿಸಲಾರದು. ಎರಡೂ ಹದವಾಗಿರಬೇಕು. ಮುಖ್ಯ ಯಂತ್ರ ಕೆಟ್ಟಾಗ ಅದರ ಹಿಂದಿನ ಐವತ್ತು ಯಂತ್ರಗಳ ಕೂಗೂ ಒಟ್ಟಿಗೆ ಏಳದಂತೆ, ಯಾವುದು ಯಾವುದನ್ನು ಅವಲಂಬಿಸಿದೆಯೆಂಬುದನ್ನು ಮೊದಲೇ ಗುರುತಿಸಿಡಬೇಕು.

ಇನ್ನೊಂದು ಪಾಠವನ್ನು ಜಗತ್ತೇ ಕಲಿಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್‌ಗಳು ಸುಮಾರು ಆರು ಗಂಟೆಗಳ ಕಾಲ ನಿಂತುವು. ದುರಸ್ತಿಯ ವೇಳೆ ಕೊಟ್ಟ ಒಂದು ತಪ್ಪು ಆಜ್ಞೆ ಅದಕ್ಕೆ ಮೂಲ. ಅದನ್ನು ತಡೆಯಬೇಕಾಗಿದ್ದ ಪರೀಕ್ಷಾ ಸಾಧನದಲ್ಲಿಯೇ ದೋಷವಿತ್ತು; ಎಂಜಿನಿಯರುಗಳು ನೆಚ್ಚಿದ್ದ ಒಳಗಿನ ಉಪಕರಣಗಳೂ ಅದೇ ಜಾಲವನ್ನು ನಂಬಿದ್ದುದರಿಂದ ಬಿದ್ದುಹೋದುವು. ಕಾವಲುಗಾರನು ಬೇರೆ ನೆಲದ ಮೇಲೆ ನಿಂತಿರಬೇಕು.

ನಮ್ಮ ಶಾಲೆಯ ಕಥೆಗೆ ಮರಳುತ್ತೇನೆ. ಆಮೇಲೆ ಮಕ್ಕಳಿಂದಲೇ ಒಂದು ನೋಟುಪುಸ್ತಕ ಬರೆಯಿಸಿದೆವು: ದಿನಕ್ಕೆ ಮೂರು ಸಲ ಮೂರು ಪಿಂಗ್. ಎರಡು ವಾರಗಳಲ್ಲಿ ಗುಟ್ಟು ಬಯಲಾಯಿತು. ಮಧ್ಯಾಹ್ನ ವಿದ್ಯುತ್ತು ಹೋದಾಗ ಕಂಪ್ಯೂಟರುಗಳು ಇನ್ವರ್ಟರಿನಿಂದ ನಡೆಯುತ್ತಿದ್ದುವು. ಬೀಗ ಹಾಕಿದ ಕೋಣೆಯಲ್ಲಿದ್ದ ರೂಟರಿಗೆ ಮಾತ್ರ ಆ ಸಂಪರ್ಕವಿರಲಿಲ್ಲ. ಒಂದು ತಂತಿಯನ್ನು ಬದಲಿಸಿದೆವು, ತೊಂದರೆ ತೀರಿತು. ಆದರೆ ಆ ಹುಡುಗಿಯ ವರ್ಷ ಮರಳಲಿಲ್ಲ.

ಬಂಧುಗಳೇ, ನಮ್ಮ ಸಂಘವೂ ಒಂದು ಜಾಲ. 1965ರಲ್ಲಿ ಸೇಲಂನಿಂದ ಧರ್ಮಪುರಿಯೂ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿಯೂ ಬೇರೆ ಜಿಲ್ಲೆಗಳಾದರೂ ನಮ್ಮ ಮಾತಿನ ನಂಟು ಹರಿಯಲಿಲ್ಲ. ಆದರೆ ಎಲ್ಲಿ ಕನ್ನಡ ತರಗತಿಗೆ ಮಕ್ಕಳಿಲ್ಲ, ಎಲ್ಲಿ ಉಪಾಧ್ಯಾಯರಿಲ್ಲ ಎಂಬುದನ್ನು ನಾವು ವರ್ಷಕ್ಕೊಮ್ಮೆಯಾದರೂ ಬರೆದಿಟ್ಟಿದ್ದೇವೆಯೇ? ಮುಚ್ಚಿಹೋದ ತರಗತಿ ಪತ್ರ ಬರೆಯುವುದಿಲ್ಲ. ನಾವೇ ಹೋಗಿ ಕೇಳಬೇಕು. ಮುಂದಿನ ವಾರ್ಷಿಕೋತ್ಸವದ ವೇಳೆಗೆ ಪ್ರತಿ ಊರಿನಿಂದ ಒಬ್ಬರು ಅಂತಹ ಒಂದು ನೋಟುಪುಸ್ತಕವನ್ನು ತರಲೆಂದು ಅರಿಕೆ ಮಾಡಿಕೊಂಡು, ನನ್ನ ಮಾತುಗಳನ್ನು ಮುಗಿಸುತ್ತೇನೆ.