ತುಕ್ಕಿನಿಂದ ಎದ್ದು ಬಂದ ಎಂಜಿಬಿ



ಹಳೆಯ ಕಾರು ಅಂದ ಕೂಡಲೇ ಎಲ್ಲರೂ ಎಂಜಿನ್ ಬಗ್ಗೆ ಕೇಳುತ್ತಾರೆ. ಸ್ಟಾರ್ಟ್ ಆಗುತ್ತಾ, ಬಿಡಿಭಾಗ ಸಿಗುತ್ತಾ ಅಂತ. ನಾನು ಮೊದಲು ನೋಡುವುದು ಬಾಗಿಲ ಕೆಳಗಿನ ತಗಡನ್ನು. ಎಂಜಿನ್ ಕೆಟ್ಟರೆ ಇಳಿಸಿ ಕೂರಿಸಬಹುದು. ತಗಡು ತುಕ್ಕು ಹಿಡಿದು ಕರಗಿತೆಂದರೆ ಕಾರೇ ಇಲ್ಲ. ಇದನ್ನು ಇಂಗ್ಲೆಂಡಿನ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನಷ್ಟು ಚೆನ್ನಾಗಿ ಕಲಿಸುವ ಕಾರು ಮತ್ತೊಂದಿಲ್ಲ.

ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡ್ ಊರಿನಲ್ಲಿ ಮಾರಿಸ್ ಕಾರುಗಳನ್ನು ಮಾರುತ್ತಿದ್ದ, ರಿಪೇರಿ ಮಾಡುತ್ತಿದ್ದ ಅಂಗಡಿ ಅದು. ಅಲ್ಲಿ ಮ್ಯಾನೇಜರ್ ಆಗಿದ್ದ ಸೆಸಿಲ್ ಕಿಂಬರ್, ಸಾಧಾರಣ ಮಾರಿಸ್ ಕಾರುಗಳಿಗೆ ಚೆಂದದ ಬಾಡಿ ಕಟ್ಟಿಸಿ ಮಾರತೊಡಗಿದರು. 1929ರಲ್ಲಿ ಎಂಜಿ ಕಾರ್ಖಾನೆ ಹತ್ತಿರದ ಆಬಿಂಗ್ಡನ್ ಪಟ್ಟಣಕ್ಕೆ ಬಂತು. ಎರಡನೇ ಮಹಾಯುದ್ಧದ ನಂತರ ಅಮೆರಿಕದವರು ಎಂಜಿಯ ಟಿಸಿ ಕಾರನ್ನು ತಲೆಯ ಮೇಲೆ ಹೊತ್ತುಕೊಂಡರು. ಆಮೇಲೆ ಟಿಡಿ, ಟಿಎಫ್, 1955ರಲ್ಲಿ ಎಂಜಿಎ. ಈ ಎಲ್ಲ ಕಾರುಗಳಿಗೂ ಕೆಳಗೆ ಗಟ್ಟಿ ಚಾಸಿ, ಅದರ ಮೇಲೆ ಬಾಡಿ.

1962ರಲ್ಲಿ ಬಂದ ಎಂಜಿಬಿಯಲ್ಲಿ ಚಾಸಿಯೇ ಇಲ್ಲ. ಸಿಡ್ ಎನೆವರ್ ಎಂಬ ಎಂಜಿನಿಯರ್ ಮತ್ತು ಡಾನ್ ಹೇಟರ್ ಎಂಬ ವಿನ್ಯಾಸಕಾರ ಸೇರಿ, ಬಾಡಿಯೇ ಎಲ್ಲ ಭಾರ ಹೊರುವಂತೆ ಅದನ್ನು ಕಟ್ಟಿದರು. ಮೇಲ್ಛಾವಣಿ ಇರುವ ಕಾರಿನಲ್ಲಿ ಛಾವಣಿಯೂ ಒಂದಷ್ಟು ಭಾರ ಹೊರುತ್ತದೆ. ಇದಕ್ಕೋ ಮೇಲೆ ಬರೀ ಮಡಚುವ ಬಟ್ಟೆಯ ಹುಡ್. ಹಾಗಾಗಿ ಮುಂದಿನ ಅರ್ಧ ಮತ್ತು ಹಿಂದಿನ ಅರ್ಧವನ್ನು ಹಿಡಿದಿಡುವ ಕೆಲಸವೆಲ್ಲ ನೆಲದ ತಗಡಿಗೆ, ನಡುವಿನ ಸುರಂಗಕ್ಕೆ, ಮುಖ್ಯವಾಗಿ ಬಾಗಿಲುಗಳ ಕೆಳಗೆ ಹೊಸ್ತಿಲಿನ ಹಾಗೆ ಹಾದುಹೋಗುವ ಸಿಲ್‌ಗಳಿಗೆ ಬಿತ್ತು. ಒಂದರ ಪಕ್ಕ ಒಂದು ತಗಡು ಸೇರಿಸಿ ವೆಲ್ಡ್ ಮಾಡಿದ ಟೊಳ್ಳು ಪೆಟ್ಟಿಗೆಗಳು ಅವು.

ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ರಸ್ತೆಯ ಮೇಲೆ ಉಪ್ಪು ಚೆಲ್ಲುತ್ತಾರೆ, ಮಂಜು ಗಟ್ಟಿಯಾಗದಿರಲಿ ಅಂತ. ಆ ಉಪ್ಪುನೀರು, ಕೆಸರು ಎರಡೂ ಮುಂದಿನ ಚಕ್ರದಿಂದ ಎಗರಿ ಮಡ್‌ಗಾರ್ಡ್ ಒಳಗೆ ಕೂತು, ಅಲ್ಲಿಂದ ಸಿಲ್‌ನ ಟೊಳ್ಳಿಗೆ ಇಳಿಯುತ್ತಿದ್ದವು. ಹೊರಗೆ ಬಣ್ಣ ಫಳಫಳ ಹೊಳೆಯುತ್ತಿರುವಾಗಲೇ ಒಳಗೆ ತಗಡು ಬಿಸ್ಕತ್ತಾಗಿರುತ್ತಿತ್ತು. 5 ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾದವು, ಅವುಗಳಲ್ಲಿ ಹೆಚ್ಚಿನವು ಅಮೆರಿಕಕ್ಕೆ ಹೋದವು. ಇಂಗ್ಲೆಂಡಿನಲ್ಲೇ ಉಳಿದವಕ್ಕೆ ಉಪ್ಪೇ ಶತ್ರುವಾಯಿತು.

ನಾನು ಕೆಲಸದ ಮೇಲೆ ಅಲ್ಲಿದ್ದಾಗ, ಪಕ್ಕದ ಮನೆಯಲ್ಲಿ ನಿವೃತ್ತ ಶಾಲಾ ಮೇಷ್ಟ್ರೊಬ್ಬರು ಇಂಥದೊಂದು ಕಾರನ್ನು ಗ್ಯಾರೇಜಿನಲ್ಲಿ ಇಟ್ಟುಕೊಂಡು ದುಡಿಯುತ್ತಿದ್ದರು. ಸಂಜೆ ಅಲ್ಲಿ ಹೋಗಿ ನಿಲ್ಲುವುದು ನನಗೆ ಅಭ್ಯಾಸವಾಯಿತು. ಅವರು ಮೊದಲು ಒಂದು ಅಯಸ್ಕಾಂತ ಹಿಡಿದು ಬಾಡಿ ಪೂರ್ತಿ ಸವರಿದರು. ಸಿಲ್ ಮೇಲೆ ಅದು ಕಚ್ಚಲೇ ಇಲ್ಲ, ಜಾರಿ ಬಿತ್ತು. ಬಣ್ಣದ ಕೆಳಗೆ ಇದ್ದದ್ದು ಬರೀ ಪುಟ್ಟಿ ಮತ್ತು ಫೈಬರ್‌ಗ್ಲಾಸ್! ಹಿಂದೆ ಯಾರೋ ಕೊಳೆತ ಸಿಲ್ ಕತ್ತರಿಸದೆ, ಅದರ ಮೇಲೆಯೇ ಇವನ್ನು ಮೆತ್ತಿ, ಬಣ್ಣ ಹೊಡೆದು ಮಾರಿದ್ದರು. ಈ ಮೋಸ ಆ ಕಾಲದಲ್ಲಿ ಇಂಗ್ಲೆಂಡಿನ ಊರೂರಲ್ಲೂ ನಡೆಯುತ್ತಿತ್ತು. ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ, ಯಾಕೆಂದರೆ ಆ ಸಿಲ್ ಅಲಂಕಾರದ ತಗಡಲ್ಲ, ಕಾರಿನ ಬೆನ್ನುಮೂಳೆ.

ಮೇಷ್ಟ್ರು ಗ್ರೈಂಡರ್ ಕೈಗೆ ತೆಗೆದುಕೊಳ್ಳುವ ಮೊದಲು, ಬಾಗಿಲು ಬಿಚ್ಚಿ, ಆ ಖಾಲಿ ಜಾಗಕ್ಕೆ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಕಬ್ಬಿಣದ ಆಂಗಲ್ ಅಡ್ಡ ಹಾಕಿ ವೆಲ್ಡ್ ಮಾಡಿದರು. ಅದಿಲ್ಲದೆ ಸಿಲ್ ಕತ್ತರಿಸಿದರೆ ಕಾರು ನಡುವೆ ಕುಸಿಯುತ್ತದೆ, ಆಮೇಲೆ ಬಾಗಿಲು ಎಂದಿಗೂ ಸರಿಯಾಗಿ ಮುಚ್ಚುವುದಿಲ್ಲ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿಯನ್ನು ಅವರು ಮುಟ್ಟಲಿಲ್ಲ. ಹೊಸ ಸಿಲ್ ಅನ್ನು ಮೊದಲು ಕ್ಲಾಂಪ್ ಹಾಕಿ ಹಿಡಿಸಿ, ಬಾಗಿಲು ತಂದು ತೂಗುಹಾಕಿ, ಸುತ್ತಲಿನ ಸಂದು ಒಂದೇ ಸಮ ಇದೆಯೇ ಅಂತ ನೋಡಿ, ಮತ್ತೆ ಬಿಚ್ಚಿ, ಆಮೇಲೆ ವೆಲ್ಡಿಂಗ್. ಅದೂ ಒಂದೇ ಎಳೆತಕ್ಕೆ ಅಲ್ಲ. ಸುಮಾರು 1 ಮಿಲಿಮೀಟರ್ ದಪ್ಪದ ತಗಡು ಕಾವಿಗೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ನಡುವೆ ಆರಲು ಬಿಡುವು. ಟೊಳ್ಳಿನೊಳಗೆ ಕೊನೆಗೆ ಮೇಣದಂಥ ದ್ರವ ಸಿಂಪಡಿಸಿದರು, ತೇವ ಮತ್ತೆ ತಗಡನ್ನು ಮುಟ್ಟದ ಹಾಗೆ.

ನಮ್ಮೂರಿನ ಟಿಂಕರಿಂಗ್ ಮಾಡುವವರು ಇದನ್ನು ನೋಡಿದ್ದರೆ ಮೆಚ್ಚುತ್ತಿದ್ದರು. ಬಾನೆಟ್ ಎತ್ತಿದ್ದರಂತೂ ಗುರುತು ಹಿಡಿದುಬಿಡುತ್ತಿದ್ದರು. ಎಂಜಿಬಿಯ 1798 ಸಿಸಿ ಎಂಜಿನ್, ಆಗ ಎಂಜಿಯ ಒಡೆಯ ಸಂಸ್ಥೆಯಾಗಿದ್ದ ಬಿಎಂಸಿಯ ಬಿ-ಸೀರೀಸ್ ಮನೆತನದ್ದು. ನಮ್ಮ ಅಂಬಾಸಡರ್‌ನಲ್ಲಿ ದಶಕಗಳ ಕಾಲ ಓಡಿದ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಅದೇ ಮನೆತನ. ಅಂಬಾಸಡರ್ ಎಂಜಿನ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ ಹೊಸಪೇಟೆಯವರಿರಲಿ, ತಿಪಟೂರಿನವರಿರಲಿ, ಎಂಜಿಬಿಯ ಮುಂದೆ ಹೊಸಬರಾಗಿ ನಿಲ್ಲುವುದಿಲ್ಲ.

ಈಗ ಬೇಸರದ ಭಾಗ. 1979ರ ಸೆಪ್ಟೆಂಬರ್‌ನಲ್ಲಿ ಆಬಿಂಗ್ಡನ್ ಜನ ಎಂಜಿ ತಮ್ಮೂರಿಗೆ ಬಂದು 50 ವರ್ಷವಾಯಿತೆಂದು ಹಬ್ಬ ಮಾಡಿದರು. ಹಬ್ಬದ ಸಂಭ್ರಮ ಮುಗಿದ ಬೆನ್ನಿಗೇ, 10ನೇ ತಾರೀಕು ಸೋಮವಾರ, ಒಡೆಯ ಸಂಸ್ಥೆ ಬ್ರಿಟಿಷ್ ಲೇಲ್ಯಾಂಡ್ ಅಲ್ಲಿ ಕಾರು ತಯಾರಿಕೆ ನಿಲ್ಲಿಸುವ ಸುದ್ದಿ ಹೊರಡಿಸಿತು. ಊರವರು ಅದನ್ನು ಕರಾಳ ಸೋಮವಾರ ಅಂತಲೇ ಕರೆದರು. 1980ರ ಅಕ್ಟೋಬರ್‌ನಲ್ಲಿ ಕೊನೆಯ ಎಂಜಿಬಿ ಹೊರಬಂತು. ಲೆಕ್ಕದ ಪುಸ್ತಕದವರಿಗೆ ಅವರದೇ ಕಾರಣಗಳಿದ್ದವು. ಆದರೂ ಹಬ್ಬದ ಮರುಗಳಿಗೆಯಲ್ಲಿ ಕೆಲಸಗಾರರಿಗೆ ಅದನ್ನು ಹೇಳಿದ ರೀತಿ ಒಳ್ಳೆಯದಾಗಿರಲಿಲ್ಲ.

ಕಾರ್ಖಾನೆ ಮುಚ್ಚಿತು, ಕಾರುಗಳು ಕೊಳೆಯುತ್ತಲೇ ಇದ್ದವು. ಈ ಹೊತ್ತಿನಲ್ಲಿ ಬಂದದ್ದು ನನ್ನ ಮೆಚ್ಚಿನ ಅಧ್ಯಾಯ. ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆಯಲ್ಲಿದ್ದ ಡೇವಿಡ್ ಬಿಷಪ್ ಅವರಿಗೆ ಒಂದು ಯೋಚನೆ ಹೊಳೆಯಿತು. ತಗಡು ಒತ್ತುವ ಹಳೆಯ ಡೈಗಳು ಎಲ್ಲೋ ಇರಲೇಬೇಕಲ್ಲ? ಅವನ್ನು ಹುಡುಕಿ ತಂದರೆ ಇಡೀ ಬಾಡಿಯನ್ನೇ ಹೊಸದಾಗಿ ಮಾಡಬಹುದಲ್ಲ? ಡೈ ಅಂದರೆ ಟನ್‌ಗಟ್ಟಲೆ ತೂಗುವ ಎರಕದ ಅಚ್ಚು. ಒಂದು ಬಾಡಿಗೆ ಅಂಥವು ನೂರಾರು ಬೇಕು. ಚದುರಿಹೋಗಿದ್ದ ಅವನ್ನೆಲ್ಲ ಪತ್ತೆಹಚ್ಚಿ, ಸರಿಮಾಡಿ, ಫ್ಯಾರಿಂಗ್ಡನ್ ಎಂಬ ಸಣ್ಣ ಪಟ್ಟಣದ ಶೆಡ್ಡಿನಲ್ಲಿ ಬಾಡಿ ಜೋಡಿಸುವ ಏರ್ಪಾಡು ಮಾಡಿದರು. 1988ರಲ್ಲಿ ಎಂಜಿಬಿಯ ಹೊಚ್ಚಹೊಸ ಬಾಡಿ ಮಾರಾಟಕ್ಕೆ ಬಂತು, ಕಾರು ನಿಂತು 8 ವರ್ಷವಾದ ಮೇಲೆ! ಮನೆಯ ಗ್ಯಾರೇಜಿನಲ್ಲಿ ತುಕ್ಕಿನ ಮುಂದೆ ಸೋತು ಕೂತಿದ್ದವರು ಹೊಸ ಬಾಡಿ ತರಿಸಿ, ಹಳೆಯ ಕಾರಿನ ಎಂಜಿನ್, ಆಕ್ಸಲ್, ಸೀಟು, ದೀಪ ಎಲ್ಲ ಅದಕ್ಕೆ ಕೂರಿಸಿದರು. ಇದನ್ನು ಕಂಡು, ಆ ಹೊತ್ತಿಗೆ ಎಂಜಿಯ ಒಡೆಯನಾಗಿದ್ದ ರೋವರ್ ಸಂಸ್ಥೆಗೂ ಆಸೆ ಹುಟ್ಟಿ, ಅದೇ ಬಾಡಿಯನ್ನು ತಿದ್ದಿ, ವಿ8 ಎಂಜಿನ್ ಇಟ್ಟು, 1992ರಲ್ಲಿ ಎಂಜಿ ಆರ್‌ವಿ8 ಎಂಬ ಕಾರು ತಂದಿತು. ಸುಮಾರು 2,000 ತಯಾರಾದವು, ಹೆಚ್ಚಿನವು ಜಪಾನಿಗೆ ಹೋದವು.

ಹೊಸ ಬಾಡಿ ಹಾಕಿದ ಮೇಲೂ ಅದು ಹಳೆಯ ಕಾರೇ ಹೌದಾ ಅಂತ ಕೆಲವರು ವಾದ ಮಾಡುತ್ತಾರೆ. ನನ್ನ ಮಟ್ಟಿಗೆ ಉತ್ತರ ಸುಲಭ: ಗುಜರಿಗೆ ಹೋಗುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆದರೆ ಮೇಷ್ಟ್ರು ಹೊಸ ಬಾಡಿ ಕೊಳ್ಳಲಿಲ್ಲ. ಹಳೆಯ ತಗಡು ಉಳಿದಷ್ಟೂ ಉಳಿಯಲಿ ಅಂದರು, ಅವರ ಮಾತೂ ಸರಿಯೇ. ಅವರು ಹಾಕಿದ ಸಿಲ್‌ಗಳೂ ಆ ಹಳೆಯ ಡೈಗಳಲ್ಲೇ ಒತ್ತಿದವು.

ನಮ್ಮಲ್ಲೂ ಹಳೆಯ ಕಾರುಗಳ ಕಥೆ ಇದೇ. 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆ ನಿಂತಿತು. ಸ್ಟ್ಯಾಂಡರ್ಡ್ ಹೆರಾಲ್ಡ್, ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ಹೋದವು. ಇವುಗಳನ್ನು ಮನೆಯಲ್ಲಿ ಕಟ್ಟುತ್ತಿರುವ ಹುಡುಗರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಸಿಗದಿರುವುದು ತಗಡು, ಬಾಗಿಲು, ಗಾಜಿನ ರಬ್ಬರ್, ಕಂಪನಿಯ ರಿಪೇರಿ ಪುಸ್ತಕ. ನಿಮ್ಮ ಕೊಟ್ಟಿಗೆಯಲ್ಲೋ ಅಟ್ಟದ ಮೇಲೋ ಇಂಥದ್ದೇನಾದರೂ ಬಿದ್ದಿದ್ದರೆ ತೂಕಕ್ಕೆ ಹಾಕಬೇಡಿ. ಹತ್ತಿರದ ಟಿಂಕರಿಂಗ್ ಅಂಗಡಿಯಲ್ಲಿ ಒಂದು ಮಾತು ಹೇಳಿಡಿ, ಬೇಕಾದವರು ಹುಡುಕಿಕೊಂಡು ಬರುತ್ತಾರೆ.